ಮೋಟಾರಿನ ಬಾಗಿಲಲ್ಲಿ ಓದಿದ ಕರಪತ್ರ

ನಾನು ನಿಂತಿದ್ದದ್ದು ನನ್ನ ಸೋದರಮಾವನ ಬೆನ್ನ ಹಿಂದೆ, ಅವನ ಎಡ ಭುಜದ ಮೇಲಿಂದ ನೋಡಲು ಬರುವಂತೆ. ಊರು ಗದಗ. ಜಾಗ ಮಾವನ ಹತ್ತಿ ಜಿನ್ನಿನ ಅಂಗಳ, ತೂಕದ ಕಾಟಾ ಇಟ್ಟ ತಗಡಿನ ಮಾಡಿನ ಮುಂದೆ. ಕನ್ನಡ ನಾಡು ಒಂದಾದ ವರ್ಷ, ಒಂದಾಗಲು ಇನ್ನೂ ಕೆಲವು ದಿನ ಉಳಿದಿದ್ದ ಒಂದು ಸಂಜೆ. ದೀಪ ಹಚ್ಚುವ ಹೊತ್ತಾಗಿರಲಿಲ್ಲ, ಬೆಳಕು ಸಾಕಷ್ಟಿತ್ತು. ಮಾವ ತನ್ನ ಮೋಟಾರಿನ ಬಾಗಿಲಿಗೆ ಎದುರಾಗಿ ನಿಂತು, ಎರಡೂ ಕೈಯಲ್ಲಿ ಒಂದು ಕರಪತ್ರವನ್ನು ಬಾಗಿಲ ಮುಂದೆ ಹಿಡಿದಿದ್ದ. ಅದರ ಅಚ್ಚಾದ ಮಗ್ಗುಲು ನನ್ನ ಕಡೆಗಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ.

ಆ ಸಂಜೆಯ ಮಾತನ್ನು ಗದಗ-ಬೆಟಗೇರಿಯಲ್ಲಿ ವಯಸ್ಸಾದವರು ಈಗಲೂ ಹೇಳುತ್ತಾರೆ. ಇಂಥ ಸಾಹುಕಾರರ ಮೋಟಾರಿಗೆ ಎಂಥ ಪಾಲಿಶು ಇತ್ತೆಂದರೆ, ಊರಿನ ವಕೀಲರೊಬ್ಬರು ಅದರ ಬಾಗಿಲಲ್ಲಿ ಕರಪತ್ರ ಕಂಡು ಪೂರಾ ಓದಿದರಂತೆ. ಪಾಲಿಶು ಹಾಗೆಯೇ ಇತ್ತು, ಅದು ಖರೆ. ವಕೀಲರು ಪೂರಾ ಹೇಳಿದರು, ಅದೂ ಖರೆ. ಎರಡೂ ಖರೆ ಇದ್ದು ಒಟ್ಟು ಮಾತು ಮಾತ್ರ ಹೇಗೆ ಖರೆ ಅಲ್ಲ ಎಂಬುದನ್ನು, ಕಂಡಷ್ಟನ್ನೇ ಬರೆಯುತ್ತೇನೆ.

ಆಗ ನಾನು ಗದಗಿನ ಒಂದು ಮುದ್ರಣಾಲಯದಲ್ಲಿ ಮೊಳೆ ಜೋಡಿಸುವ ಕೆಲಸ ಮಾಡುತ್ತಿದ್ದೆ. ಸೀಸದ ಅಕ್ಷರಗಳು ತಿರುಗುಮುರುಗಾಗಿರುತ್ತವೆ. ಅವನ್ನು ಹಾಗೆಯೇ ಓದಿ ಹಾಗೆಯೇ ತಿದ್ದಬೇಕು. ಆ ಕೆಲಸದಲ್ಲಿ ಇದ್ದವರಿಗೆ ಕನ್ನಡಿಯೊಳಗಿನ ಬರಹವೂ ಒಂದೇ, ಗೋಡೆಯ ಮೇಲಿನ ಬರಹವೂ ಒಂದೇ. ಇದು ಹೆಚ್ಚುಗಾರಿಕೆಯಲ್ಲ. ಕಮ್ಮಾರನ ಅಂಗೈ ಒರಟಾದ ಹಾಗೆ, ಅಷ್ಟೇ.

ಮಾವನಿಗೆ ಆ ವರ್ಷ ಒಂದೇ ಆಸೆ. ನಾಡು ಒಂದಾದ ದಿನ ಗದಗಿನಿಂದ ಕನ್ನಡ ತಾಯಿಯ ಭಾವಚಿತ್ರದ ಮೆರವಣಿಗೆ ಹೊರಡುವುದಿತ್ತು. ಮುಳಗುಂದ, ಲಕ್ಷ್ಮೇಶ್ವರ, ಶಿರಹಟ್ಟಿ, ಅಲ್ಲಿಂದ ಮುಂಡರಗಿ, ಡೋಣಿಯ ಮೇಲೆ ಹಾದು ತಿರುಗಿ ಗದಗಿಗೆ. ಆ ಭಾವಚಿತ್ರ ತನ್ನ ಮೋಟಾರಿನಲ್ಲಿಯೇ ಕೂತು ಹೋಗಬೇಕು ಎಂಬುದು ಮಾವನ ಹಟ. ಮೋಟಾರು ಅವನದಾಗಿ ಬಹಳ ದಿನ ಆಗಿರಲಿಲ್ಲ. ಲಕ್ಷ್ಮೇಶ್ವರದಲ್ಲಿ ಸಂಸ್ಥಾನದ ಕಾಲದ ಒಬ್ಬ ಅಧಿಕಾರಿಯಿಂದ ಕೊಂಡದ್ದು. ಸಂಸ್ಥಾನ ಹೋದ ಮೇಲೆ ಆ ಅಧಿಕಾರಿಗೆ ಮೋಟಾರಿನಲ್ಲಿ ಕೂತು ಹೋಗುವಂಥ ಜಾಗವೇ ಉಳಿದಿರಲಿಲ್ಲ. ಯಂತ್ರ ಗಟ್ಟಿಯಾಗಿತ್ತು, ಮೈ ಮಾತ್ರ ಹಳೇ ಬಾಣಲೆಯ ಹಾಗೆ. ಎದುರಾಳಿಯೆಂದರೆ ಮುಂಡರಗಿಯ ಒಬ್ಬ ಅಡತಿ ವ್ಯಾಪಾರಿ. ಅವರ ಹತ್ತಿರ ಹೊಸದೇ ಮೋಟಾರು ಇತ್ತು. ಮೆರವಣಿಗೆಯ ಕಮಿಟಿ ಇನ್ನೂ ಯಾರಿಗೂ ಹ್ಞೂಂ ಅಂದಿರಲಿಲ್ಲ.

ಮಾವ ಬೆಟಗೇರಿಯಿಂದ ಒಬ್ಬ ಪೇಂಟರನನ್ನು ಕರೆಸಿದ. ಅಂಗಡಿಯ ಬೋರ್ಡು, ತಗಡಿನ ಟ್ರಂಕು, ಹಬ್ಬಕ್ಕೆ ಎತ್ತಿನ ಕೋಡು, ಇವೇ ಅವನ ಕೆಲಸ. ಮೋಟಾರಿಗೆ ಕೈ ಹಚ್ಚಿದ್ದು ಅದೇ ಮೊದಲು. ಹುಬ್ಬಳ್ಳಿಯ ಒಂದು ಕಾರ್ಖಾನೆಯಲ್ಲಿ ಕೆಲವು ತಿಂಗಳು ನಿಂತು ನೋಡಿದ್ದ. ಆದರೂ ಅವನು ಈ ಕೆಲಸಕ್ಕೆ ಜೀವ ಬಿಡುತ್ತಿದ್ದದ್ದಕ್ಕೆ ಕಾರಣವಿತ್ತು. ಲಕ್ಷ್ಮೇಶ್ವರದ ಹಾದಿಯಲ್ಲಿ ಬಸ್ಸು ಓಡಿಸುವ ಮಾಲಕರೊಬ್ಬರು ಅವನಿಗೆ ಹೇಳಿದ್ದರು: ಸಾಹುಕಾರರ ಮೋಟಾರು ಕಮಿಟಿಯವರ ಕಣ್ಣಲ್ಲಿ ಪಾಸಾದರೆ ತಮ್ಮ ಬಸ್ಸುಗಳೆಲ್ಲ ಅವನ ಕೈಗೆ. ಆಗದಿದ್ದರೆ ಮತ್ತೆ ಎತ್ತಿನ ಕೋಡು.

ಮೊದಲ ದಿನವೇ ಅವನು ಮಾವನ ಎದುರು ಒಂದು ಮಾತು ಆಡಿದ. ಅದು ಆಡಬಾರದಾಗಿತ್ತು.

"ಸಾವಕಾರ್ರ, ನಾ ಮಾಡಿಕೊಟ್ಟ ಮ್ಯಾಲ ಬಾಗಲಾ ಮುಂದ ಹ್ಯಾಂಡಬಿಲ್ ಹಿಡದ್ರ ಒಳಗ ಓದಾಕ ಬರಬೇಕು. ಹಂಗ ಬರ್ಲಿಲ್ಲಂದ್ರ ನನ್ನ ಪೇಂಟರ್ ಅನ್ನಬ್ಯಾಡ್ರಿ."

ಮಾವ ಆ ಮಾತನ್ನು ಸಂಜೆಯೊಳಗೆ ಗದಗಿನ ಅರ್ಧ ಪೇಟೆಗೆ ಮುಟ್ಟಿಸಿದ. ಉಳಿದ ಅರ್ಧಕ್ಕೆ ಮರುದಿನ ಬೆಳಿಗ್ಗೆ.

ಬಣ್ಣ ಹೊಡೆಯುವ ಜಾಗವನ್ನು ಆರಿಸಿದವನೂ ಮಾವನೇ. ಗದಗಿನ ಗಾಳಿ ಗೊತ್ತಿದ್ದವರು ಬಯಲಲ್ಲಿ ಬಣ್ಣ ಹೊಡೆಯುವುದಿಲ್ಲ. ಧೂಳು ಕೂರುತ್ತದೆ. ಆದ್ದರಿಂದ ಮೋಟಾರನ್ನು ಜಿನ್ನಿನ ಒಳಗೆ ತಳ್ಳಿಸಿ ಬಾಗಿಲು ಹಾಕಿಸಿದ. ಹಂಗಾಮು ಮುಗಿದು ತಿಂಗಳುಗಳಾಗಿದ್ದವು. ನೆಲ ಗುಡಿಸಿ, ನೀರು ಚಿಮುಕಿಸಿ, ಅತ್ತೆಯ ಕೈಯಿಂದ ಊದುಬತ್ತಿಯನ್ನೂ ಹಚ್ಚಿಸಿದ್ದ. ಮೇಲೆ ಮಾತ್ರ ಯಾರೂ ನೋಡಲಿಲ್ಲ. ತೊಲೆಗಳ ಮೇಲೆ ಎಷ್ಟೋ ಹಂಗಾಮುಗಳ ಹತ್ತಿಯ ನವಿರು ಅಟ್ಟ ಕಟ್ಟಿ ಕೂತಿತ್ತು.

ಪೇಂಟರ್ ಬಾಡಿಗೆಗೆ ತಂದ ಗಾಳಿಯಂತ್ರವನ್ನು ಚಾಲೂ ಮಾಡಿ, ಕೈಯಲ್ಲಿ ಬಣ್ಣ ಚಿಮ್ಮುವ ಗನ್ನು ಹಿಡಿದು, ಕಡುಗೆಂಪು ಬಣ್ಣವನ್ನು ಹೊಡೆಯತೊಡಗಿದ. ಯಂತ್ರ ಗಡಗಡ ಅಂದಿತು, ತಗಡಿನ ಮಾಡು ನಡುಗಿತು, ತೊಲೆಯ ಮೇಲಿನ ಹತ್ತಿ ಮೆಲ್ಲಗೆ, ಯಾರಿಗೂ ಅವಸರವಿಲ್ಲದ ಹಾಗೆ, ಇಳಿಯಿತು. ಹಸಿ ಬಣ್ಣದ ಮೇಲೆ ಕೂತಿತು. ಅದರ ಮೇಲೆ ಅಂದಿನ ಒಣ ಸೆಕೆ. ಗನ್ನಿನಿಂದ ಹೊರಟ ಬಣ್ಣದ ಹನಿಗಳು ತಗಡನ್ನು ಮುಟ್ಟಿ ಹರಡಿಕೊಳ್ಳುವ ಮೊದಲೇ ಆರಿ, ಇದ್ದಲ್ಲೇ ಗಂಟಾದವು.

ಮರುದಿನ ಬಾಗಿಲು ತೆಗೆದಾಗ ಮೋಟಾರಿನ ಮೈ ಮೋಸಂಬಿಯ ಸಿಪ್ಪೆಯಾಗಿತ್ತು. ಸಣ್ಣ ಸಣ್ಣ ತಗ್ಗು, ಸಣ್ಣ ಸಣ್ಣ ಉಬ್ಬು. ಅಲ್ಲಲ್ಲಿ ನವಿರು ಎದ್ದು ನಿಂತಿತ್ತು.

ಮಾವ ಸುತ್ತ ಒಂದು ಸುತ್ತು ಹಾಕಿದ. ಬಾನೆಟ್ಟಿನ ಮೇಲೆ ಕೈಯಾಡಿಸಿದ.

"ಏನಲೇ ಇದು? ಮೋಟಾರಿಗೆ ಮೀಸಿ ಬಂದಾವಲ್ಲೋ!"

"ತಿಕ್ಕಿದ್ರ ಹೋಗ್ತೈತ್ರಿ ಸಾವಕಾರ್ರ," ಎಂದ ಪೇಂಟರ್. ಅವನ ಮುಖ ಸುಣ್ಣದ ಹಾಗಿತ್ತು. "ಹೊಸಾ ಬಣ್ಣ ಹಿಂಗ ಇರತೈತಿ. ತಿಕ್ಕೂದ ಖರೇ ಕೆಲಸ."

"ಹಂಗಾರ ಹೊಡಿಯೂದು ಎದಕ್ಕ? ಮೊದಲ ತಿಕ್ಕಬೇಕಿತ್ತು."

ಅತ್ತೆ ಒಳಗಿನಿಂದ ಬಂದು ನೋಡಿ, "ಹಲಸಿನ ಹಣ್ಣಿನ ಗತೆ ಛಲೋ ಕಾಣ್ತೈತಲ್ರಿ, ಹಂಗ ಇರ್ಲಿ," ಎಂದಳು. ಅವಳಿಗೆ ಅದು ನಿಜವಾಗಿಯೂ ಇಷ್ಟವಾಗಿತ್ತು. ಮಾವ ಅವಳ ಕಡೆ ತಿರುಗಿಯೂ ನೋಡಲಿಲ್ಲ.

ಮೋಟಾರನ್ನು ಅಂಗಳಕ್ಕೆ ತಳ್ಳಿ ತಂದರು. ತಿಕ್ಕುವ ಕೆಲಸ ನಾನು ಕಣ್ಣಾರೆ ಕಂಡದ್ದು. ಪ್ರೆಸ್ಸಿನ ಕೆಲಸ ಮುಗಿಸಿ ಸಂಜೆ ಸಂಜೆ ಅಲ್ಲಿಗೇ ಹೋಗುತ್ತಿದ್ದೆ. ಪೇಂಟರ್ ನೀರುಗಾಗದವನ್ನು, ಅಂದರೆ ನೀರು ಹಚ್ಚಿ ತಿಕ್ಕುವ ಉಸುಕಿನ ಕಾಗದವನ್ನು, ಬಕೀಟಿನಲ್ಲಿ ಮೊದಲೇ ನೆನೆಯಿಟ್ಟಿರುತ್ತಿದ್ದ. ಮರದ ಒಂದು ಸಣ್ಣ ತುಂಡಿಗೆ ಅದನ್ನು ಸುತ್ತಿ, ಬಟ್ಟೆ ಸೋಪಿನ ನೀರು ಚೆಲ್ಲಿ, ಅಂಗೈಯಗಲದ ಜಾಗವನ್ನು ಗುರುತಿಟ್ಟುಕೊಂಡು ಒಂದೇ ದಿಕ್ಕಿಗೆ ತಿಕ್ಕುತ್ತಿದ್ದ. ಉಬ್ಬು ಮಾತ್ರ ಸವೆಯಬೇಕು, ತಗ್ಗಿನ ತಳ ಮುಟ್ಟಿದ ಕೂಡಲೇ ನಿಲ್ಲಿಸಬೇಕು. ಕೆಂಪು ನೀರು ಇಳಿದು ಅಂಗಳವೆಲ್ಲ ಓಕುಳಿಯಾಗುತ್ತಿತ್ತು. ನೀರು ಒರೆಸಿ ಓರೆಯಾಗಿ ನೋಡಿದರೆ ಸವೆದ ಕಡೆ ಮಬ್ಬು, ಸವೆಯದ ತಗ್ಗುಗಳು ಇನ್ನೂ ಹೊಳೆಯುವ ಚುಕ್ಕೆ. ಚುಕ್ಕೆಗಳೆಲ್ಲ ಹೋಗಿ ಎಲ್ಲವೂ ಸಮನಾಗಿ ಮಬ್ಬಾದಾಗ ಆ ಜಾಗ ಮುಗಿದಂತೆ.

ಅಂಚುಗಳ ಹತ್ತಿರ ಬಂದಾಗ ಮರದ ತುಂಡು ಬಿಟ್ಟು ಬರೀ ಬೆರಳಲ್ಲಿ ತಿಕ್ಕುತ್ತಿದ್ದ. "ಅಂಚಿನಾಗ ಬಣ್ಣ ನಿಂದ್ರೂದಿಲ್ಲ ತಮ್ಮಾ," ಎಂದು ನನಗೆ ಹೇಳಿದ. "ಇಲ್ಲಿ ಒಂದು ತಿಕ್ಕು ಜಾಸ್ತಿ ಆತಂದ್ರ ಒಳಗಿನ ತಗಡ ನಗತೈತಿ."

ಹಾಗೆ ಇಡೀ ಮೋಟಾರು ಮಬ್ಬಾದ ದಿನ ಮಾವನಿಗೆ ಎದೆ ಒಡೆಯಿತು. ಸುಣ್ಣ ಬಳಿದ ಗೋಡೆಯ ಮೇಲೆ ಎಲೆಯಡಿಕೆ ಉಗುಳಿದ ಬಣ್ಣ. "ಇದ್ದ ಹೊಳಪೂ ಕಳದ್ಯಲ್ಲೋ, ಮುಂಡರಗಿಯವ್ರ ರೊಕ್ಕಾ ತಿಂದೀಯೇನು?" ಎಂದು ಪೇಂಟರನ ಮೇಲೆ ಹಾರಿದ. ಪೇಂಟರ್ ಅತ್ತೆಯ ಹಳೇ ಸೀರೆಯ ಮೆತ್ತನೆ ತುಂಡೊಂದಕ್ಕೆ ಕಂಪೌಂಡೆಂಬ ಹಿಟ್ಟಿನಂಥ ಮುಲಾಮು ಹಚ್ಚಿ, ಬಾಗಿಲ ನಡುವೆ ಒಂದು ರೊಟ್ಟಿಯಗಲ ಉಜ್ಜಿದ. ಮಬ್ಬಿನ ನಡುವೆ ಆ ರೊಟ್ಟಿ ಮೊದಲು ಎಣ್ಣೆ ಸವರಿದ ಹಾಗಾಯಿತು, ಆಮೇಲೆ ನೀರಾಯಿತು. ಅದರೊಳಗೆ ಮಾವನ ಮೂಗು, ರುಮಾಲು, ಹಿಂದಿನ ಬೇವಿನ ಗಿಡ ಎಲ್ಲ ಕಾಣಿಸಿತು.

ಮಾವ ತನ್ನನ್ನು ತಾನೇ ಬಹಳ ಹೊತ್ತು ನೋಡಿಕೊಂಡ. ಮೀಸೆಯನ್ನೂ ತೀಡಿಕೊಂಡ. "ಎಲ್ಲಾ ಕಡೆ ಹಿಂಗ ಮಾಡು," ಎಂದ.

ಎಲ್ಲಾ ಕಡೆ ಹಾಗೆಯೇ ಆಯಿತು. ಇಲ್ಲಿಗೆ ಈ ಕತೆ ಮುಗಿಯಬೇಕಾಗಿತ್ತು. ಆದರೆ ಕರಪತ್ರದ ಮಾತು ಊರಿಗೆಲ್ಲ ಹೋಗಿತ್ತಲ್ಲ.

ಮೆರವಣಿಗೆಯ ಕರಪತ್ರ ಅಚ್ಚಾದದ್ದು ನಮ್ಮ ಪ್ರೆಸ್ಸಿನಲ್ಲಿ, ಮೊಳೆ ಜೋಡಿಸಿದವನು ನಾನು, ಮಜಕೂರು ಬರೆದವರು ಕಮಿಟಿಯ ಮುಖ್ಯಸ್ಥರಾದ ವಕೀಲರು. ಕಾಗದ ದಪ್ಪನೆಯದು, ಮದುವೆ ಪತ್ರಿಕೆಗೆ ತರಿಸಿ ಉಳಿದದ್ದು. ಒಂದೇ ಮಗ್ಗುಲಿಗೆ ಅಚ್ಚು. ಮಸಿ ಹಿಂದಕ್ಕೆ ಮೂಡಿರಲಿಲ್ಲ, ಇದನ್ನು ನಾನು ಅಂದೇ ಬೆಳಕಿಗೆ ಹಿಡಿದು ನೋಡಿದ್ದೇನೆ.

ನಾನೇ ಒಂದು ಪ್ರತಿ ತಂದು ಬಾಗಿಲ ಮುಂದೆ ಹಿಡಿದೆ. ಮಾವ ಬಗ್ಗಿ ನೋಡಿದ. ಮಾವನಿಗೆ ಸಹಿ ಮಾಡಲು ಬರುತ್ತಿತ್ತು. ಅಂಗಡಿಯ ಬೋರ್ಡಿನ ದೊಡ್ಡ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಲು ಬರುತ್ತಿತ್ತು. ಕರಪತ್ರದ ಸಣ್ಣ ಅಕ್ಷರ, ಅದೂ ಬಾಗಿಲೊಳಗೆ ತಿರುಗುಮುರುಗು! ಅವನ ತುಟಿ ಎರಡು ಸಲ ಅಲುಗಿ ನಿಂತಿತು. ಸುತ್ತ ಹಮಾಲರು, ಗಾಡಿಯವರು ನಿಂತಿದ್ದರು.

"ಇನ್ನಾ ಸ್ವಚ್ಛ ಬಂದಿಲ್ಲ," ಎಂದ ಮಾವ. "ಅಕ್ಷರ ಅಡ್ಡಾದಿಡ್ಡಿ ಕಾಣ್ತಾವು. ಮತ್ತೊಂದ ಸಲ ತಿಕ್ಕು."

"ಅಡ್ಡಾದಿಡ್ಡಿ ಅಲ್ರಿ, ಅವು ತಿರುವಿರ್ತಾವು," ಎಂದ ಪೇಂಟರ್. "ಕನ್ನಡಿ ಒಳಗ ಹಂಗ ಅಲ್ಲೇನ್ರಿ?"

"ನನಗ ಕನ್ನಡಿ ತೋರಸಬ್ಯಾಡ. ದಿನಾ ನೋಡ್ತೀನಿ, ನನ್ನ ಮುಖ ಏನ ತಿರುವಿರತೈತಿ?"

ಹಮಾಲರು ನಕ್ಕರು. ಮಾವ ಗೆದ್ದ.

ನಾನು ಮುಂದೆ ಬಂದು, "ಮಾವಾ, ಸ್ವಚ್ಛ ಓದಾಕ ಬರತೈತಿ," ಎಂದು ಬಾಗಿಲೊಳಗಿನದನ್ನು ಮೊದಲ ಸಾಲಿನಿಂದ ಓದತೊಡಗಿದೆ. ಮಾವ ನನ್ನನ್ನು ಅರ್ಧಕ್ಕೆ ತಡೆದ.

"ನಿಂದ ಬಿಡಲೇ ಅಳಿಯಾ. ಮೊಳೆ ಜೋಡಿಸಿದಾಂವ ನೀನು. ಕಣ್ಣ ಮುಚ್ಚಿದ್ರೂ ಹೇಳ್ತಿ. ನಿನ್ನ ಸಾಕ್ಷಿ ನಡಿಯೂದಿಲ್ಲ."

"ಹಂಗಾರ ನಾ ಓದ್ತೀನ್ರಿ," ಎಂದ ಪೇಂಟರ್. ಬೋರ್ಡು ಬರೆಯುವವನು, ಅವನಿಗೂ ಬರುತ್ತಿತ್ತು.

"ನೀ ಓದ್ತೀ! ಬಣ್ಣಾ ಹೊಡದಾಂವ ನೀನು, ಪಾಸ್ ಮಾಡಾಂವನೂ ನೀನ?"

ಈ ನ್ಯಾಯದಲ್ಲಿ ತಪ್ಪು ಹುಡುಕಲು ನನಗೆ ಇಂದಿಗೂ ಆಗಿಲ್ಲ. ಓದಬಲ್ಲವರು ಇಬ್ಬರು. ಒಬ್ಬನಿಗೆ ವಿಷಯ ಗೊತ್ತಿತ್ತು, ಇನ್ನೊಬ್ಬನಿಗೆ ಕೆಲಸ ಗೊತ್ತಿತ್ತು. ಆದ್ದರಿಂದ ಇಬ್ಬರೂ ಬಾದ, ಲೆಕ್ಕಕ್ಕಿಲ್ಲ. ಉಳಿದ ಓಣಿಯನ್ನೆಲ್ಲ ಕರೆದು ತೋರಿಸಲಾಯಿತು. ಶಾಲೆ ಕಲಿತವರೂ ಬಂದರು. ಬಗ್ಗಿ ನೋಡಿ, ಕುತ್ತಿಗೆ ಓರೆ ಮಾಡಿ, ಸಾಹುಕಾರನ ಮುಖ ನೋಡಿ, "ಇನ್ನಾ ಸ್ವಲ್ಪ ಆಗಬೇಕ್ರಿ" ಎಂದು ಹೋದರು.

ಪೇಂಟರ್ ಮತ್ತೆ ತಿಕ್ಕಿದ. ಮತ್ತೆ ಕರಪತ್ರ ಹಿಡಿಯುವುದು, ಮತ್ತೆ ಮಾವ "ಇನ್ನಾ" ಅನ್ನುವುದು. ಕಂಪೌಂಡು ತೀರಿದಾಗ ಹಲ್ಲುಪುಡಿಯನ್ನು ಎಣ್ಣೆಯಲ್ಲಿ ಕಲಸಿ ಉಜ್ಜಿದ. ಬಾಗಿಲು ಈಗ ಹೇಗಾಗಿತ್ತೆಂದರೆ ಅಂಗಳದ ಗುಬ್ಬಿಗಳು ಬಂದು ತಮ್ಮನ್ನು ತಾವೇ ಕುಕ್ಕುತ್ತಿದ್ದವು. ಗುಬ್ಬಿಗಳ ಸಾಕ್ಷಿಯನ್ನು ಯಾರೂ ಕೇಳಲಿಲ್ಲ.

ಒಂದು ಸಂಜೆ ಪೇಂಟರ್ ನನ್ನ ಕೈ ಹಿಡಿದು ಬಾಗಿಲ ಹಿಡಿಕೆಯ ಕೆಳಗಿನ ಅಂಚಿಗೆ ಕರೆದುಕೊಂಡು ಹೋದ. ಅಲ್ಲಿ ಕೆಂಪಿನೊಳಗೆ ಕೂದಲೆಳೆಯಷ್ಟು ಬೂದಿ ಬಣ್ಣ ಇಣುಕುತ್ತಿತ್ತು. ಅದು ಕೆಂಪಿನ ಅಡಿಗೆ ಮೊದಲು ಹೊಡೆದ ಅಸ್ತರಿನ ಬಣ್ಣ.

"ಇನ್ನೊಂದ ಸಲ ತಿಕ್ಕಿಸಿದ್ರ ಮುಗೀತು ತಮ್ಮಾ," ಎಂದ. "ಡಬ್ಬಿಯಾಗ ಬಣ್ಣ ಇಲ್ಲ. ಈ ಬಣ್ಣ ತರಸಾಕ ಮುಂಬೈಗೆ ಹೋಗಬೇಕು. ತೇಪಿ ಹಾಕಿದ ಮೋಟಾರಿನ್ಯಾಗ ತಾಯೀನ್ನ ಯಾರ ಕುಂಡ್ರಸ್ತಾರ? ನನ್ನ ಬಸ್ಸೂ ಹ್ವಾದವು."

ಕಮಿಟಿಯವರು ಮರುದಿನ ಬರುವುದಿತ್ತು. ಅವರು "ಓದಲು ಬರುವುದಿಲ್ಲ" ಎಂದರೆ ಮಾವ ಅಲ್ಲಿಯೇ, ಅವರೆದುರಿಗೇ, ಮತ್ತೆ ತಿಕ್ಕಿಸುತ್ತಿದ್ದ. ಅದು ಪೇಂಟರನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಅವರು ಬಂದರು. ಮುಂದೆ ವಕೀಲರು, ಕಪ್ಪು ಕೋಟು, ಹೆಗಲ ಮೇಲೆ ಬಿಳಿ ಉತ್ತರೀಯ. ಹಿಂದೆ ಕಮಿಟಿಯ ಉಳಿದವರು. ಅವರ ಜೊತೆಗೆ, ಯಾರೂ ಕರೆಯದಿದ್ದರೂ, ಮುಂಡರಗಿಯ ಅಡತಿ ವ್ಯಾಪಾರಿ. ಅತ್ತೆ ಚಹದ ತಾಟು ಹಿಡಿದು ಮೋಟಾರಿನ ಹಿಂದಿನ ಗಾಲಿಯ ಹತ್ತಿರ ನಿಂತಿದ್ದಳು. ಪೇಂಟರ್ ಮುಂದಿನ ಗಾಲಿಯ ಹತ್ತಿರ ಕುಕ್ಕರಗಾಲಲ್ಲಿ ಕೂತಿದ್ದ, ಕೈಯಲ್ಲಿ ಅರಿವೆ.

"ಎಲ್ಲಿ ನೋಡೂಣು ಸಾಹುಕಾರ್ರ, ನಿಮ್ಮ ಓದೂ ಮೋಟಾರು," ಎಂದರು ವಕೀಲರು.

ನಾನು ಕರಪತ್ರ ತೆಗೆದುಕೊಂಡು ಮುಂದೆ ಹೋದೆ. ಮಾವ ನನ್ನ ಕೈಯಿಂದ ಅದನ್ನು ಕಸಿದುಕೊಂಡ. "ನೀ ಸರಿ ಅಳಿಯಾ. ನೀ ಹಿಡದ್ರ ಸಂಶೇ ಬರತೈತಿ. ನಾ ಹಿಡೀತೀನಿ." ಅಲ್ಲಿಯವರೆಗೆ ಪ್ರತಿ ಸಲವೂ ಹಿಡಿದದ್ದು ನಾನು ಇಲ್ಲವೆ ಪೇಂಟರ್. ಮಾವ ಹಿಡಿದದ್ದು ಅದೇ ಮೊದಲು. ಅವನು ಕಾಗದವನ್ನು ಒಮ್ಮೆ ನೋಡಿದ, ತಲೆಕೆಳಗಾಗಿಲ್ಲ ಎಂದು ಖಾತ್ರಿ ಮಾಡಿಕೊಂಡ, ಮೇಲೆ ಅಚ್ಚಾದ ತಾಯಿಯ ಸಣ್ಣ ಚಿತ್ರ ಅವನಿಗೆ ಗುರುತಾಗಿತ್ತು. ಹಾಗೆಯೇ, ಓದುವವರು ಹಿಡಿಯುವ ಹಾಗೆ, ಅಕ್ಷರವನ್ನು ತನ್ನ ಕಡೆಗೆ ಮಾಡಿಕೊಂಡು, ಎದೆಯ ಮಟ್ಟಕ್ಕೆ ಎತ್ತಿ ಹಿಡಿದ. ಬಾಗಿಲಿಗೆ ಕಂಡದ್ದು ಕಾಗದದ ಬೆನ್ನು.

ನಾನು ಬಾಯಿ ತೆಗೆದೆ. ಮಾವ ತಿರುಗಿ ನೋಡದೆಯೇ, "ನೀ ಸುಮ್ನಿರು," ಎಂದ.

ವಕೀಲರು ಕನ್ನಡಕ ಸರಿ ಮಾಡಿಕೊಂಡು ಪಕ್ಕದಿಂದ ಬಗ್ಗಿದರು. ಬಾಗಿಲೊಳಗೆ ನಾನೂ ನೋಡಿದೆ. ಮಾವನ ರುಮಾಲು ಇತ್ತು, ಕಾಗದ ಹಿಡಿದ ಅವನ ಬೆರಳುಗಳು ಇದ್ದವು, ವಕೀಲರ ಕನ್ನಡಕ ಇತ್ತು, ನಡುವೆ ಒಂದು ಬಿಳಿ ಚೌಕ. ಕೆಂಪು ನೀರಿನಲ್ಲಿ ತೇಲುವ ಹಾಗೆ ಸ್ವಚ್ಛ, ಬೆಳ್ಳಗೆ, ಖಾಲಿ. ಆ ಚೌಕದ ಒಂದು ಮೂಲೆ ಸ್ವಲ್ಪ ಮಡಿಚಿದ್ದದ್ದೂ ಕಾಣುತ್ತಿತ್ತು. ಪಾಲಿಶು ಅಂಥದ್ದು.

ವಕೀಲರು ಇನ್ನೊಂದಿಷ್ಟು ಬಗ್ಗಿದರು. ಆ ಕ್ಷಣದಲ್ಲಿ ಅವರು ಏನು ಕಂಡರು, ಏನು ಯೋಚಿಸಿದರು, ನಾನು ಹೇಳಲಾರೆ. ಊರಲ್ಲಿ ಯಾರಿಗೂ ಓದಲು ಬಂದಿರಲಿಲ್ಲ ಎಂಬ ಸುದ್ದಿ ಅವರಿಗೆ ಮುಟ್ಟಿತ್ತು. ಹಾಗೆಂದು ತಮಗೂ ಬರುವುದಿಲ್ಲ ಎಂದು ಹೇಳಲು ಅವರು ಓಣಿಯ ಮನುಷ್ಯರಾಗಿರಲಿಲ್ಲ. ಗಂಟಲು ಸರಿ ಮಾಡಿಕೊಂಡು ಆರಂಭಿಸಿದರು:

"ಸಮಸ್ತ ಕನ್ನಡ ಬಾಂಧವರಲ್ಲಿ ವಿನಂತಿ. ಬಹುದಿನಗಳಿಂದ ಹರಿದು ಹಂಚಿಹೋಗಿದ್ದ ನಮ್ಮ ನಾಡು..."

ಕೊನೆಯ ತನಕ ಹೇಳಿದರು. ಮೆರವಣಿಗೆಯ ಹಾದಿ ಹೇಳಿದರು, ಊರುಗಳನ್ನು ಒಂದೂ ತಪ್ಪದೆ ಹೇಳಿದರು, "ಎಲ್ಲರೂ ಕಣ್ತುಂಬ ನೋಡಿ ಕೃತಾರ್ಥರಾಗಬೇಕು" ಎಂದು ಮುಗಿಸಿದರು. ನನ್ನ ಎದುರಿಗೆ, ಮಾವನ ಭುಜದಾಚೆ, ಅಚ್ಚಾದ ಮಗ್ಗುಲು ಇತ್ತು. ಅವರು ಹೇಳುತ್ತ ಹೋದ ಹಾಗೆ ನಾನು ಸಾಲಿಗೆ ಸಾಲು ತಾಳೆ ನೋಡಿದೆ. ಒಂದು ಅಕ್ಷರವೂ ಹೆಚ್ಚು ಕಡಿಮೆ ಇರಲಿಲ್ಲ. ಅವರೇ ಬರೆದ ಮಜಕೂರಲ್ಲವೆ.

ಚಪ್ಪಾಳೆ ಬಿತ್ತು. ಮೊಳೆ ಜೋಡಿಸಿದವನ ಸಾಕ್ಷಿ ನಡೆಯದ ಅಂಗಳದಲ್ಲಿ ಬರೆದವರ ಸಾಕ್ಷಿ ನಡೆಯಿತು. ಆಮೇಲೆ ಕಮಿಟಿಯ ಉಳಿದವರೂ ಒಬ್ಬೊಬ್ಬರಾಗಿ ಬಗ್ಗಿದರು. ಮಾವ ಕೈ ನೋಯುತ್ತಿದ್ದರೂ ಇಳಿಸಲಿಲ್ಲ. "ಖರೇನ ಐತಿ", "ಅಕ್ಷರ ಮುತ್ತಿನಂಗ ಬಂದಾವು", "ಸಣ್ಣ ಅಕ್ಷರಾನೂ ಬಿಟ್ಟಿಲ್ಲ ನೋಡ್ರಿ". ಕೊನೆಗೆ ಮುಂಡರಗಿಯ ವ್ಯಾಪಾರಿ ಬಗ್ಗಿದರು. ಇಲ್ಲಿ ಬಿಳಿ ಕಾಗದ ಬಿಟ್ಟು ಏನೂ ಇಲ್ಲ ಎಂದು ಹೇಳಿದರೆ ಲಾಭ ಇದ್ದ ಮನುಷ್ಯ ಅಲ್ಲಿ ಅವರೊಬ್ಬರೇ. ಅವರು ಉಳಿದವರಿಗಿಂತ ಹೆಚ್ಚು ಹೊತ್ತು ನೋಡಿದರು. ವಕೀಲರ ಮುಖ ನೋಡಿದರು. ಮತ್ತೆ ಬಾಗಿಲು ನೋಡಿದರು.

"ನಾ ಚಸ್ಮಾ ತಂದಿಲ್ರಿ," ಎಂದರು. "ಆದ್ರೂ ಕಾಣ್ತೈತಿ."

ಮಾವ ಗೆದ್ದ. ಮೋಟಾರು ಪಾಸಾಯಿತು. ನೋಡಲು ಬಂದಿದ್ದ ಬಸ್ಸಿನ ಮಾಲಕರು ಅಲ್ಲಿಯೇ ಪೇಂಟರನ ಬೆನ್ನು ತಟ್ಟಿದರು. ಸಂತೋಷಪಡಬೇಕೋ ಹೆದರಬೇಕೋ ನನಗೆ ಆಗಲೂ ಗೊತ್ತಾಗಲಿಲ್ಲ, ಈಗಲೂ ಗೊತ್ತಿಲ್ಲ. ದಿನವಿಡೀ ಅಕ್ಷರವನ್ನು ಕೈಯಲ್ಲಿ ಎತ್ತಿ ಇಡುವವನು ನಾನು. ಸೀಸ ಇದ್ದಲ್ಲಿ ಅಕ್ಷರ, ಇಲ್ಲದಲ್ಲಿ ಖಾಲಿ ಎಂದು ತಿಳಿದಿದ್ದೆ.

ಅವರೆಲ್ಲ ಚಹ ಕುಡಿದು ಹೋದ ಮೇಲೆ ಅತ್ತೆ ಕಪ್ಪುಗಳನ್ನು ಒಟ್ಟುಗೂಡಿಸುತ್ತ ಮಾವನಿಗೆ ಅಂದಳು: "ಕಾಗದ ಬರೀ ಬೆಳ್ಳಗಿತ್ತಲ್ರಿ ಬಾಗಲದಾಗ. ಅವ್ರು ಏನ ಓದಿದ್ರು?"

"ನಿನಗ ಓದಾಕ ಬರೂದಿಲ್ಲ," ಎಂದ ಮಾವ, ಬಹಳ ಪ್ರೀತಿಯಿಂದಲೇ. "ಓದಾಕ ಬರದವ್ರಿಗೆ ಎಲ್ಲಾ ಕಾಗದ ಬೆಳ್ಳಗ ಕಾಣ್ತಾವು."

ಅವನು ಹೂವಿನವರಿಗೆ ಹೇಳಲು ಪೇಟೆಗೆ ಹೋದ. ಅಂಗಳದಲ್ಲಿ ನಾವು ಮೂವರೇ ಉಳಿದೆವು. ಪೇಂಟರ್ ಗಾಲಿಯ ಹತ್ತಿರದಿಂದ ಎದ್ದಿರಲಿಲ್ಲ. ಬಸ್ಸು ಸಿಕ್ಕ ಮನುಷ್ಯನ ಮುಖ ಅದಾಗಿರಲಿಲ್ಲ.

"ತಮ್ಮಾ, ನೀನೂ ನೋಡಿದ್ಯೋ?"

"ನೋಡೀನಿ."

"ಯಕ್ಕಾ, ನೀವೂ?"

"ನಾ ಅಂದ್ನೆಲ್ಲಪಾ ಈಗ," ಎಂದಳು ಅತ್ತೆ.

"ಹಂಗಾರ ನನ್ನ ಕೆಲಸ ಪಾಸಾಗಿಲ್ಲ," ಎಂದ ಅವನು. "ಖಾಲಿ ಕಾಗದ ಪಾಸಾಗೈತಿ. ಮೋಸಂಬಿ ಸಿಪ್ಪಿ ಹಂಗ ಬಿಟ್ಟಿದ್ರೂ ಅದು ಪಾಸ್ ಆಗ್ತಿತ್ತು."

ನಾನು ಕರಪತ್ರವನ್ನು ಸರಿಯಾಗಿ ತಿರುಗಿಸಿ ಬಾಗಿಲಿಗೆ ಹಿಡಿದೆ. ಅವನು ತಲೆ ಅಲ್ಲಾಡಿಸಿದ. "ಅದು ಬ್ಯಾಡ. ಅದು ನಿನಗ ಬಾಯಿಪಾಠ. ಸಾವಕಾರ್ರು ಅಂದದ್ದು ಖರೇ ಐತಿ." ಸುತ್ತ ನೋಡಿದ. ಕಮಿಟಿಯವರಿಗೆ ಮಿರ್ಚಿ ಭಜಿ ಕಟ್ಟಿಸಿಕೊಂಡು ಬಂದಿದ್ದ ಹಳೇ ಪತ್ರಿಕೆಯ ತುಂಡೊಂದು ಅತ್ತೆಯ ತಾಟಿನಲ್ಲಿ ಬಿದ್ದಿತ್ತು, ಎಣ್ಣೆ ಕುಡಿದು. ಅದನ್ನು ನನಗೆ ಕಾಣದ ಹಾಗೆ ಬೆನ್ನ ಹಿಂದೆ ಹಿಡಿದುಕೊಂಡು ಬಂದು, ಅದರ ಒಂದು ಮಗ್ಗುಲನ್ನು ಬಾಗಿಲ ಕಡೆ ಮಾಡಿ ಬಿಡಿಸಿ ಹಿಡಿದ.

"ಓದು."

ನಾನು ಬಗ್ಗಿದೆ. ಅಕ್ಷರ ಸಣ್ಣವು, ಎಣ್ಣೆಯಲ್ಲಿ ಕಪ್ಪಾಗಿದ್ದವು. ಕೆಂಪು ತಗಡಿನೊಳಗೆ ಒಂದೊಂದೂ ತನ್ನ ತಲೆಕಟ್ಟಿನ ಸಮೇತ ನಿಂತಿತ್ತು. ಅವಸರ ಮಾಡದೆ ಓದಿದೆ:

"ಎತ್ತು ಕಳೆದಿದೆ. ಬಿಳಿ ಮೈ, ಎಡಗೋಡು ಮುರಿದಿದೆ, ಹಣೆಯ ಮೇಲೆ ಸುಟ್ಟ ಕಲೆ. ಶಿರಹಟ್ಟಿ ಸಂತೆಯಿಂದ ಹರ್ತಿಗೆ ಬರುವಾಗ ತಪ್ಪಿಸಿಕೊಂಡಿದೆ. ಕಂಡವರು ದಯಮಾಡಿ ತಿಳಿಸಬೇಕು."

ಪೇಂಟರ್ ಕಾಗದ ತಿರುಗಿಸಿ, ಬೆರಳಿಟ್ಟು, ತಾನೂ ಓದಿಕೊಂಡ. ಎರಡು ಸಲ ಓದಿಕೊಂಡ. ಆಮೇಲೆ ಅರಿವೆಯಿಂದ ಬಾಗಿಲ ಮೇಲಿನ ನನ್ನ ಉಸಿರಿನ ಮಂಜನ್ನು ಒರೆಸಿದ. "ಆತು," ಎಂದ. ಅಷ್ಟೇ ಅಂದದ್ದು.

"ಪಾಪ, ಎತ್ತು ಸಿಕ್ತೋ ಇಲ್ಲೋ," ಎಂದಳು ಅತ್ತೆ.

ನಾಡು ಒಂದಾದ ದಿನ ಭಾವಚಿತ್ರ ಮಾವನ ಮೋಟಾರಿನಲ್ಲಿಯೇ ಹೊರಟಿತು. ಬೆಳಿಗ್ಗೆ ಹೂವಿನವರು ಬಂದು ಬಾನೆಟ್ಟಿಗೆ ಚೆಂಡುಹೂವಿನ ಜಾಲ ಹಾಕಿದರು, ನಾಲ್ಕೂ ಮೂಲೆಗೆ ಬಾಳೆಕಂಬ ಕಟ್ಟಿದರು, ಬಾಗಿಲುಗಳಿಗೆ ಮಾವಿನ ತೋರಣ, ತೋರಣದ ಮೇಲೆ ಹಳದಿ ಕೆಂಪು ಅರಿವೆ. ಉಳಿದ ಜಾಗಕ್ಕೆ ಅರಿಷಿಣ ಕುಂಕುಮ. ಮೋಟಾರಿನ ಬಣ್ಣ ಯಾವುದು ಎಂದು ಯಾರಾದರೂ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಹಿಡಿಕೆಯ ಕೆಳಗಿನ ಬೂದಿ ಗೆರೆಗೆ ಪೇಂಟರ್ ಅಷ್ಟು ಹೆದರಿದ್ದನಲ್ಲ, ಅದರ ಮೇಲೆ ಒಂದು ಗೊಂಡೆಹೂವು ಕೂತಿತು.

ಅದು ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ತಿರುಗಿ, ಡೋಣಿಯ ಹಾದಿಯಿಂದ ಗದಗಿಗೆ ಬಂದಾಗ ಹೂವಿನಡಿ, ಅರಿವೆಯಡಿ, ಎಲ್ಲ ಕಡೆ ಎರೆಮಣ್ಣಿನ ಧೂಳು ಕೂತಿತ್ತು. ಇಬ್ಬನಿಗೆ ನೆನೆದು ಆರಿ, ಸಣ್ಣ ಸಣ್ಣ ಗಂಟಾಗಿತ್ತು. ಅತ್ತೆ ಅದರ ಮೇಲೆ ಕೈಯಾಡಿಸಿ, "ಮತ್ತ ಹಲಸಿನ ಹಣ್ಣಾತು," ಎಂದು ನಕ್ಕಳು.

ಪೇಂಟರನಿಗೆ ಬಸ್ಸುಗಳು ಬಂದವು. ಬೆಟಗೇರಿಯಲ್ಲಿ ಅವನದೇ ಮಾಡು ಆಯಿತು. ಆಮೇಲೆ ಎಷ್ಟೋ ಮೋಟಾರು ತಿಕ್ಕಿದ. ಗಿರಾಕಿಗಳು ಆ ಹಳೇ ಮಾತು ಕೇಳಿ, ಕರಪತ್ರ ಹಿಡಿದು ತೋರಿಸು ಎಂದರೆ, "ಅದು ಸಾವಕಾರ್ರ ಮೋಟಾರಿಗೆ ಅಷ್ಟರಿ" ಎನ್ನುತ್ತಿದ್ದ. ತನ್ನ ಕೆಲಸ ಮುಗಿಯಿತೋ ಇಲ್ಲವೋ ಎಂದು ನೋಡಬೇಕಾದಾಗ ಮಾತ್ರ, ಗಿರಾಕಿ ಬರುವ ಮೊದಲು, ರೊಟ್ಟಿಯ ಬುತ್ತಿ ಕಟ್ಟಿದ ಯಾವುದಾದರೂ ಪತ್ರಿಕೆಯ ತುಂಡನ್ನು ಬಾಗಿಲಿಗೆ ಹಿಡಿಯುತ್ತಿದ್ದ. ಮೊದಲು ಅದರ ಯಾವ ಮಗ್ಗುಲು ಎತ್ತ ಇದೆ ಎಂದು ಎರಡು ಸಲ ತಿರುವಿ ನೋಡುತ್ತಿದ್ದ. ಇದನ್ನೂ ನಾನು ಕಂಡಿದ್ದೇನೆ.

ವಕೀಲರು ತೀರಿಕೊಂಡು ಬಹಳ ವರ್ಷವಾಯಿತು. ಮುಂಡರಗಿಯ ವ್ಯಾಪಾರಿಗಳೂ ಇಲ್ಲ. ಮಾವ, ತನ್ನ ಮೋಟಾರಿನ ಬಾಗಿಲಲ್ಲಿ ನಾಡಿನ ಕರಪತ್ರ ಓದಿದರೆಂಬ ಹೆಮ್ಮೆಯಲ್ಲಿಯೇ ಕಣ್ಣು ಮುಚ್ಚಿದ. ಆ ಸಂಜೆ ಬಾಗಿಲೊಳಗೆ ಬಿಳಿ ಕಾಗದವನ್ನು ಬಿಳಿ ಕಾಗದವೆಂದೇ ಕಂಡವರಲ್ಲಿ ಈಗ ಉಳಿದವರು ನನ್ನ ಬಿಟ್ಟು ಇಬ್ಬರು. ಒಬ್ಬ ಆ ಪೇಂಟರ್. ಬೆಟಗೇರಿಯಲ್ಲಿ ಮಗನ ಮನೆಯ ಕಟ್ಟೆಯ ಮೇಲೆ ಕೂತಿರುತ್ತಾನೆ. ಕಣ್ಣಿಗೆ ಪೊರೆ ಬಂದಿದೆ, ನೋಡಲು ಹೋದವರ ಕೈಯನ್ನು ಹಿಡಿದು ಅಂಗೈ ಸವರಿ ಗುರುತು ಹಿಡಿಯುತ್ತಾನೆ. ಇನ್ನೊಬ್ಬಳು ನನ್ನ ಅತ್ತೆ. ಹರ್ತಿಯಲ್ಲಿ ತಂಗಿಯ ಮನೆಯಲ್ಲಿದ್ದಾಳೆ. ಅವಳಿಗೆ ಈಗಲೂ ಓದಲು ಬರುವುದಿಲ್ಲ. ಕೇಳಿದರೆ ಹೇಳುತ್ತಾಳೆ.